ಯಕೃತ್ತು ಕಲೆಗಟ್ಟುವುದು: ವಂಶದಿಂದಲೋ, ವೈರಾಣುವಿನಿಂದಲೋ?

ಯಕೃತ್ತು ಗಟ್ಟಿಯಾಗಿ ಜಲೋದರಕ್ಕೆ ತುತ್ತಾದವರೆಲ್ಲ ಮದ್ಯವ್ಯಸನಿಗಳೆಂದು ಲೋಕ ನಂಬಿದೆ. ಆದ್ದರಿಂದ ಮದ್ಯವನ್ನೇ ಮುಟ್ಟದ ಮನೆತನದಲ್ಲಿ ಈ ವ್ಯಾಧಿ ಕಾಣಿಸಿಕೊಂಡರೆ ಮನೆಯವರು ರೋಗಕ್ಕಿಂತ ಹೆಚ್ಚಾಗಿ ಅಪವಾದಕ್ಕೆ ಅಂಜುತ್ತಾರೆ. ಅಣ್ಣನ ಹಿಂದೆಯೇ ತಮ್ಮನೂ ಹಾಸಿಗೆ ಹಿಡಿದಾಗ, "ಇದು ನಮ್ಮ ವಂಶದಲ್ಲೇ ಬಂದದ್ದು, ಏನು ಮಾಡಲಾದೀತು?" ಎಂದು ಕೈಚೆಲ್ಲಿ ಕೂರುತ್ತಾರೆ. ಈ ಮಾತನ್ನು ನಾವು ಚಿಕಿತ್ಸಾಲಯದಲ್ಲಿ ಎಷ್ಟು ಸಲ ಕೇಳಿದ್ದೇವೆಯೋ ಲೆಕ್ಕವಿಲ್ಲ.

ವಂಶದ ಪಾತ್ರವೇ ಇಲ್ಲವೆನ್ನಲಾಗದು. ಆದರೆ ಜನರು ವಂಶವೆಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಒಂದು, ತಂದೆತಾಯಿಗಳ ಬೀಜದಿಂದ ಬಂದ ಗುಣ. ಇನ್ನೊಂದು, ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಿಂದ ಮಗುವಿಗೆ ದಾಟಿದ ವೈರಾಣು. ಮೊದಲನೆಯದು ಬದಲಾಗದು. ಎರಡನೆಯದನ್ನು ತಡೆಯಬಹುದು, ಅಡಗಿಸಿಡಬಹುದು. ಇವೆರಡನ್ನೂ ಒಂದೇ ಎಂದು ತಿಳಿದು ಚಿಕಿತ್ಸೆಯನ್ನೇ ಅರಸದೆ ಪ್ರಾಣ ನೀಗಿದವರಿದ್ದಾರೆ.

ಮೊದಲು ಕಲೆ ಮೂಡುವ ಬಗೆಯನ್ನು ನೋಡೋಣ. ಯಕೃತ್ತಿಗೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಅಪಾರ ಶಕ್ತಿಯಿದೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ 'ಎ' ಕಾಮಾಲೆ ಬಂದು ಹೋದ ಮೇಲೆ ಯಕೃತ್ತಿನಲ್ಲಿ ಗುರುತೂ ಉಳಿಯುವುದಿಲ್ಲ. ರಕ್ತದ ಮೂಲಕ ಹರಡುವ 'ಬಿ' ಮತ್ತು 'ಸಿ' ವೈರಾಣುಗಳ ಸ್ವಭಾವ ಬೇರೆ. ಅವು ಆರು ತಿಂಗಳಿಗೂ ಮೀರಿ ದೇಹದಲ್ಲಿ ಉಳಿದರೆ ರೋಗ ದೀರ್ಘಕಾಲಿಕವಾಯಿತೆಂದು ಅರ್ಥ. ದೇಹದ ರಕ್ಷಣಾ ವ್ಯವಸ್ಥೆಯು ವೈರಾಣು ಹೊಕ್ಕ ಜೀವಕೋಶಗಳ ಮೇಲೆ ಎರಗುತ್ತಲೇ ಇರುತ್ತದೆ, ಉರಿಯೂತ ಆರುವುದೇ ಇಲ್ಲ. ಯಕೃತ್ತಿನಲ್ಲಿ 'ಎ' ಜೀವಸತ್ವವನ್ನು ಕೂಡಿಟ್ಟುಕೊಂಡು ಸುಮ್ಮನಿರುವ ನಕ್ಷತ್ರಾಕಾರದ ಕೋಶಗಳು ಇದರಿಂದ ಕೆರಳಿ, ಕೊಲಾಜನ್ ಎಂಬ ನಾರನ್ನು ಹೆಣೆಯತೊಡಗುತ್ತವೆ. ಇದೇ ಫೈಬ್ರೋಸಿಸ್. ನಾರು ಬೆಳೆದು ಯಕೃತ್ತಿನ ರಚನೆಯೇ ಗಂಟುಗಂಟಾದಾಗ ಅದು ಸಿರೋಸಿಸ್. ಇಷ್ಟೆಲ್ಲ ನಡೆಯುವಾಗ ರೋಗಿಗೆ ನೋವಿಲ್ಲ, ಜ್ವರವಿಲ್ಲ. ಬಹಳವೆಂದರೆ ಒಂದಿಷ್ಟು ದಣಿವು.

ಎಲ್ಲರಲ್ಲಿಯೂ ಇದು ಒಂದೇ ವೇಗದಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಐರ್ಲೆಂಡಿನ ದುರಂತವೊಂದು ಸಾಕ್ಷಿಯಾಗಿದೆ. ಆರ್‌ಎಚ್ ನೆಗೆಟಿವ್ ರಕ್ತದ ಗುಂಪಿನ ಬಾಣಂತಿಯರಿಗೆ, ಮುಂದಿನ ಮಗುವಿನ ರಕ್ಷಣೆಗಾಗಿ ಆಂಟಿ-ಡಿ ಎಂಬ ಚುಚ್ಚುಮದ್ದನ್ನು ಕೊಡುವುದುಂಟು. ಅದು ದಾನಿಗಳ ರಕ್ತದಿಂದ ತಯಾರಾಗುತ್ತದೆ. 1977-78ರಲ್ಲಿ ಅಲ್ಲಿ ಹಂಚಿದ ಮದ್ದಿನಲ್ಲಿ ಸೋಂಕಿತ ದಾನಿಯೊಬ್ಬರ ರಕ್ತದ ಅಂಶ ಸೇರಿಹೋಗಿತ್ತು. 'ಸಿ' ವೈರಾಣುವನ್ನು ಗುರುತಿಸಿದ್ದು 1989ರಲ್ಲಿ; ಆದ್ದರಿಂದ ಆಗ ಅದನ್ನು ಪತ್ತೆಹಚ್ಚುವ ಪರೀಕ್ಷೆಯೇ ಇರಲಿಲ್ಲ. ಸುಮಾರು 17 ವರ್ಷಗಳ ನಂತರ ಆ ತಾಯಂದಿರನ್ನು ಹುಡುಕಿ ಪರೀಕ್ಷಿಸಿದಾಗ, ಸೋಂಕು ತಗುಲಿದವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಯ ರಕ್ತದಲ್ಲಿ ವೈರಾಣುವೇ ಇರಲಿಲ್ಲ. ಅವರ ದೇಹ ಅದನ್ನು ತಾನಾಗಿಯೇ ಹೊರದೂಡಿತ್ತು. ವೈರಾಣು ಉಳಿದಿದ್ದವರಲ್ಲಿ 363 ಮಂದಿಯ ಯಕೃತ್ತಿನ ತುಣುಕನ್ನು ತೆಗೆದು ನೋಡಲಾಯಿತು. ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಲೆಯೇ ಇರಲಿಲ್ಲ. ಉಳಿದರ್ಧ ಮಂದಿಯಲ್ಲಿ ಹೆಚ್ಚುಕಡಿಮೆ ಪ್ರಮಾಣದಲ್ಲಿತ್ತು. ಸಿರೋಸಿಸ್ ತಲುಪಿದ್ದವರು 7 ಮಂದಿ.

ವೈರಾಣುವಿನ ಮೂಲ ಒಂದೇ, ದೇಹ ಹೊಕ್ಕ ದಾರಿ ಒಂದೇ, ಕಾಲವೂ ಒಂದೇ. ಎಲ್ಲರೂ ಹೆಂಗಸರು, ಬಹುತೇಕ ಯೌವನದವರು. ಆದರೂ ಫಲ ಇಷ್ಟು ಬೇರೆ! ವೈರಾಣುವನ್ನು ಹೊರದೂಡಿದ ಆ ತಾಯಂದಿರಲ್ಲಿ, ದೇಹವು ತನ್ನವರನ್ನೂ ಪರರನ್ನೂ ಗುರುತಿಸಲು ಬಳಸುವ ಎಚ್‌.ಎಲ್‌.ಎ. ಎಂಬ ವಂಶವಾಹಿಗಳ ಕೆಲವು ಬಗೆಗಳು ಹೆಚ್ಚಾಗಿ ಕಂಡುಬಂದವು. ಅಂದರೆ, ಬಂದ ಶತ್ರುವನ್ನು ಗುರುತಿಸುವ ಕಣ್ಣು ಕೆಲವರಿಗೆ ಹುಟ್ಟಿನಿಂದಲೇ ಚುರುಕಾಗಿರುತ್ತದೆ.

ಇನ್ನೊಂದು ವಂಶವಾಹಿಯ ವಿಷಯ 2008ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸಂಶೋಧಕರಿಂದ ತಿಳಿದುಬಂದಿತು. ಪಿ.ಎನ್‌.ಪಿ.ಎಲ್‌.ಎ.-3 ಎಂಬುದು ಅದರ ಹೆಸರು. ಈ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಯಕೃತ್ತಿನಲ್ಲಿ ಕೊಬ್ಬು ಸುಲಭವಾಗಿ ಶೇಖರವಾಗುತ್ತದೆ. ಅಂಥವರಿಗೆ ಹೆಪಟೈಟಿಸ್ 'ಸಿ' ತಗುಲಿದರೆ, ಅಥವಾ ಅವರು ಮದ್ಯಕ್ಕೆ ದಾಸರಾದರೆ, ಕಲೆ ಮೂಡುವ ಅಪಾಯ ಇತರರಿಗಿಂತ ಹೆಚ್ಚೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಬೀಜದ ಯಾವ ಭಾಗವು ದೂಷಿತವಾಗುವುದೋ ಅದರಿಂದ ಮೈದಳೆಯುವ ಅವಯವವು ವಿಕೃತವಾಗುವುದೆಂಬ ವಿಚಾರವಿದೆ. ಹಿರಿಯರ ಆ ಚಿಂತನೆಯನ್ನು ನಾವು ಗೌರವದಿಂದ ನೆನೆಯುತ್ತೇವೆ. ಹಾಗೆಂದು, ಇಂದಿನ ವಂಶವಾಹಿ ವಿಜ್ಞಾನವೆಲ್ಲ ಅಂದೇ ತಿಳಿದಿತ್ತೆಂದು ಬೀಗುವುದು ನಮಗೆ ಸರಿಯೆನಿಸದು.

ಈ ವಂಶವಾಹಿಗಳನ್ನು ಪರೀಕ್ಷಿಸಿಕೊಳ್ಳಲು ಹಣ ಸುರಿಯಬೇಕೆ ಎಂದು ಕೇಳುವವರಿದ್ದಾರೆ. ಬೇಡವೆಂಬುದೇ ನಮ್ಮ ಅಭಿಪ್ರಾಯ. ಫಲಿತಾಂಶ ಏನೇ ಬಂದರೂ ಮಾಡಬೇಕಾದ ಚಿಕಿತ್ಸೆ ಬದಲಾಗದು.

ಬದಲಾಯಿಸಬಲ್ಲ ಸಂಗತಿಗಳ ತೂಕವಾದರೋ ದೊಡ್ಡದು. ಫ್ರಾನ್ಸ್ ದೇಶದಲ್ಲಿ 2,235 ಮಂದಿ 'ಸಿ' ರೋಗಿಗಳ ಯಕೃತ್ತನ್ನು ಅಭ್ಯಸಿಸಿ 1997ರಲ್ಲಿ ಪ್ರಕಟಿಸಿದ ವರದಿಯಂತೆ, ಸೋಂಕಿನಿಂದ ಸಿರೋಸಿಸ್‌ವರೆಗಿನ ದಾರಿ ಸಾಮಾನ್ಯವಾಗಿ 30 ವರ್ಷ. ನಲವತ್ತು ದಾಟಿದ ಮೇಲೆ ಸೋಂಕು ತಗುಲಿದ ಗಂಡಸರಲ್ಲಿ, ಅದರಲ್ಲಿಯೂ ಮದ್ಯ ಸೇವಿಸುವವರಲ್ಲಿ, ಅದು 13 ವರ್ಷಕ್ಕೆ ಇಳಿಯಿತು. ನಲವತ್ತಕ್ಕೆ ಮೊದಲೇ ಸೋಂಕು ತಗುಲಿದ, ಮದ್ಯ ಮುಟ್ಟದ ಹೆಂಗಸರಲ್ಲಿ 42 ವರ್ಷಕ್ಕೆ ಏರಿತು. ಮಧುಮೇಹ ಮತ್ತು ಬೊಜ್ಜು ಕೂಡ ಈ ದಾರಿಯನ್ನು ಗಿಡ್ಡಗೊಳಿಸುತ್ತವೆ. ಮದ್ಯದ ದೋಷ ಹೇಳಿ ಸುಮ್ಮನಾಗುವ ನಮ್ಮ ಜನ, ಹೊಟ್ಟೆಯ ಸುತ್ತಳತೆಯ ಮಾತು ಬಂದಾಗ ನಕ್ಕುಬಿಡುತ್ತಾರೆ.

ವೈರಾಣುಗಳಲ್ಲಿಯೂ ತರತಮವುಂಟು. 'ಸಿ' ವೈರಾಣುವಿನ ಬಗೆಗಳಲ್ಲಿ ಭಾರತದಲ್ಲಿ ಹೆಚ್ಚಾಗಿರುವುದು ಮೂರನೆಯದು. ಅದು ತಾನೇ ಯಕೃತ್ತಿನಲ್ಲಿ ಕೊಬ್ಬು ತುಂಬಿಸುತ್ತದೆ, ಕಲೆಯನ್ನೂ ಬೇಗ ಬೆಳೆಸುತ್ತದೆ. 'ಬಿ' ವೈರಾಣುವಿನಲ್ಲಿ ಮುಖ್ಯವಾದುದು ರಕ್ತದಲ್ಲಿ ಅದರ ಪ್ರಮಾಣ. ತೈವಾನ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸೋಂಕಿತರನ್ನು ವರ್ಷಗಟ್ಟಲೆ ಗಮನಿಸಿದಾಗ, ಪ್ರಮಾಣ ಏರಿದಂತೆಲ್ಲ ಸಿರೋಸಿಸ್ ಅಪಾಯವೂ ಏರಿತು. 'ಬಿ' ಇದ್ದವರಿಗೆ ಮಾತ್ರ ತಗುಲಬಲ್ಲ 'ಡಿ' ಎಂಬ ಇನ್ನೊಂದು ವೈರಾಣು ಜೊತೆಗೂಡಿದರೆ ರೋಗದ ಓಟ ಇನ್ನಷ್ಟು ತೀವ್ರ.

ಈಗ ಅಣ್ಣತಮ್ಮಂದಿರ ಮಾತಿಗೆ ಬರೋಣ. ಹೆರಿಗೆಯಲ್ಲಿ ತಾಯಿಯಿಂದ 'ಬಿ' ಸೋಂಕು ಪಡೆದ ಹಸುಳೆಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಅದು ಶಾಶ್ವತವಾಗಿ ನೆಲೆಸುತ್ತದೆ. ವಯಸ್ಕರಲ್ಲಿ ಹಾಗೆ ನೆಲೆಸುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಒಬ್ಬ ತಾಯಿಯ ಮೂವರು ಮಕ್ಕಳಿಗೂ ನಡುವಯಸ್ಸಿನಲ್ಲಿ ಯಕೃತ್ತು ಕೆಟ್ಟರೆ ಅದು ಬೀಜದೋಷವೆಂದು ತೀರ್ಮಾನಿಸುವ ಮುನ್ನ ಎಚ್‌ಬಿಎಸ್‌ಎಜಿ ಎಂಬ ಅಗ್ಗದ ರಕ್ತಪರೀಕ್ಷೆಯನ್ನು ಮನೆಮಂದಿಗೆಲ್ಲ ಮಾಡಿಸಬೇಕು. ಹಿಂದೆ, ಪರೀಕ್ಷೆಗಳಿಲ್ಲದ ಕಾಲದಲ್ಲಿ ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಂಡವರು, ಒಂದೇ ಸೂಜಿಯನ್ನು ಹಲವರಿಗೆ ಬಳಸುವ ಕಡೆ ಚುಚ್ಚುಮದ್ದು ಹಾಕಿಸಿಕೊಂಡವರು 'ಸಿ' ಪರೀಕ್ಷೆಯನ್ನೂ ಮಾಡಿಸುವುದು ಲೇಸು. ಸೋಂಕು ಇದೆಯೆಂದಾದರೆ ಕಲೆಯ ಮಟ್ಟವನ್ನು ಫೈಬ್ರೋಸ್ಕ್ಯಾನ್ ಎಂಬ ನೋವಿಲ್ಲದ ಯಂತ್ರದಿಂದ ಅಳೆಯಬಹುದು.

ಇಲ್ಲಿ ನೆಲನೆಲ್ಲಿಯ ಪ್ರಸ್ತಾಪ ಬಂದೇ ಬರುತ್ತದೆ. 'ಬಿ' ವೈರಾಣುವನ್ನು ಕಂಡುಹಿಡಿದು ನೊಬೆಲ್ ಪ್ರಶಸ್ತಿ ಪಡೆದ ಬ್ಲೂಮ್‌ಬರ್ಗ್ ಅವರೇ ಮದ್ರಾಸಿನ ವಿಜ್ಞಾನಿಗಳೊಡನೆ ಇದನ್ನು ಪರೀಕ್ಷಿಸಿದರು. 1988ರಲ್ಲಿ ಪ್ರಕಟವಾದ ಫಲಿತಾಂಶ ಆಶಾದಾಯಕವಾಗಿತ್ತು. ನಮ್ಮ ವೈದ್ಯ ಬಳಗದಲ್ಲಿ ಆಗ ಹಬ್ಬದ ಸಂಭ್ರಮ. ಆದರೆ ನಂತರದ ಪ್ರಯೋಗಗಳಲ್ಲಿ ಆ ಫಲ ಮತ್ತೆ ದೊರೆಯಲಿಲ್ಲ. ಹಳ್ಳಿಗಳಲ್ಲಿ ಅದಕ್ಕಿರುವ ಕೀರ್ತಿಯಲ್ಲಿ ದೊಡ್ಡ ಪಾಲು, ತಾನಾಗಿಯೇ ವಾಸಿಯಾಗುವ 'ಎ' ಕಾಮಾಲೆಯಿಂದ ಬಂದದ್ದು. ಆಯುರ್ವೇದವನ್ನೇ ಬದುಕಾಗಿಸಿಕೊಂಡ ನಾವು ಇದನ್ನು ಸ್ಪಷ್ಟವಾಗಿ ಹೇಳಬೇಕು: ಪಥ್ಯ, ಅಗ್ನಿಯ ರಕ್ಷಣೆ, ತೂಕದ ಹತೋಟಿ ನಮ್ಮ ಶಾಸ್ತ್ರದ ಬಲ, 'ಬಿ', 'ಸಿ' ವೈರಾಣುಗಳಿಗೆ ಆಧುನಿಕ ಔಷಧವೇ ಬೇಕು. ಹೆಸರಿಲ್ಲದ ಚೂರ್ಣಗಳನ್ನು ನುಂಗಿ ದಣಿದ ಯಕೃತ್ತಿಗೆ ಇನ್ನಷ್ಟು ಭಾರ ಹೇರಬಾರದು.

'ಸಿ' ರೋಗಕ್ಕೆ ಸೋಫೋಸ್‌ಬುವಿರ್ ಜೊತೆಗಿನ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ಸೇವಿಸಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ವೈರಾಣು ನಿರ್ಮೂಲವಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. 'ಬಿ' ವೈರಾಣುವನ್ನು ಪೂರ್ಣ ಅಳಿಸಲಾಗದಿದ್ದರೂ ಟೆನೊಫೊವಿರ್‌ನಂಥ ಮಾತ್ರೆಯಿಂದ ಅಡಗಿಸಿಡಬಹುದು. ಐದು ವರ್ಷ ಆ ಮಾತ್ರೆ ಸೇವಿಸಿದವರ ಯಕೃತ್ತನ್ನು ಮತ್ತೆ ಪರೀಕ್ಷಿಸಿದ ಅಧ್ಯಯನವೊಂದರಲ್ಲಿ, ಆರಂಭದಲ್ಲಿ ಸಿರೋಸಿಸ್ ಇದ್ದ 96 ಮಂದಿಯಲ್ಲಿ 71 ಮಂದಿಗೆ ಅದು ಉಳಿದಿರಲಿಲ್ಲ. ಕಲೆ ಮರಳಿ ಕರಗಬಲ್ಲದೆಂದು ನಾವು ಓದುವ ಕಾಲದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಗರ್ಭಿಣಿಯರಿಗೆ 'ಬಿ' ಪರೀಕ್ಷೆಯನ್ನು ತಪ್ಪದೇ ಮಾಡಿಸಿರಿ. ಮಗು ಹುಟ್ಟಿದ 24 ಗಂಟೆಗಳೊಳಗೆ ಮೊದಲ ಲಸಿಕೆ ಬೀಳಬೇಕು. ತಾಯಿಗೆ ಸೋಂಕಿದ್ದರೆ ಲಸಿಕೆಯೊಂದಿಗೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಲಾಗುತ್ತದೆ. ಹೆರಿಗೆಗೆ ಮೊದಲೇ ವೈದ್ಯರಿಗೆ ತಿಳಿಸಿ ಅದನ್ನು ಸಿದ್ಧವಾಗಿರಿಸಿಕೊಳ್ಳಬೇಕು.