ಕೆರೆಯ ದಡ: ಗೆರೆಯೋ, ವಲಯವೋ?

ಶಾಸನಗಳ ಅಭ್ಯಾಸಿಗಳಿಗೆ ಏರಿ, ತೂಬು, ಕೋಡಿ ಮುಂತಾದ ಕೆರೆಯ ಅಂಗಗಳು ಸುಪರಿಚಿತ. ಕೆರೆಯನ್ನು ಕಟ್ಟಿಸಿದವನಿಗೆ ದೊರೆತ ಭೂಮಿ ಕಟ್ಟುಕೊಡಗೆ; ಅದರ ಪಾಲನೆಗೆಂದು ಬಿಟ್ಟುದು ಬಿತ್ತುವಟ್ಟ. ವಿಜಯನಗರದ ರಾಜಕುಮಾರ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ 1369ರ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಆದರೆ ಏರಿಗೆ ಎದುರಾದ ದಡವನ್ನು ಯಾರೂ ಕಟ್ಟಲಿಲ್ಲ. ಆದಕಾರಣ ದಾನಶಾಸನಗಳಲ್ಲಿ ಅದಕ್ಕೆ ದೊರೆತ ಸ್ಥಾನವೂ ಅಲ್ಪ. ಆ ದಡದ ಮಹತ್ತ್ವವನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಕೆರೆಗೆ ಸಾಮಾನ್ಯವಾಗಿ ತಗ್ಗಿನ ಕಡೆಗೆ ಮಾತ್ರ ಏರಿ. ಉಳಿದೆಡೆ ನೆಲವು ಮೆಲ್ಲನೆ ಇಳಿದು ನೀರನ್ನು ಸೇರುತ್ತದೆ. ಮಳೆಗಾಲದಲ್ಲಿ ನೀರು ಈ ಇಳಿಜಾರನ್ನೇರುತ್ತದೆ, ಬೇಸಗೆಯಲ್ಲಿ ಹಿಂದೆ ಸರಿಯುತ್ತದೆ. ಆದುದರಿಂದ ದಡವೆಂಬುದು ಗೆರೆಯಲ್ಲ. ಋತುವಿನೊಡನೆ ಚಲಿಸುವ ಒಂದು ವಲಯ. ಇಲ್ಲಿ ಬೆಳೆಯುವ ಜೊಂಡು, ಆಪುಗಳ ಬೇರು ಮಣ್ಣನ್ನು ಹಿಡಿಯುತ್ತದೆ. ಕಾಂಡಗಳ ನಡುವೆ ನೀರಿನ ವೇಗ ಕುಗ್ಗಿ ಹೂಳು ಕೆಳಗಿಳಿಯುತ್ತದೆ. ಸಾರಜನಕ, ರಂಜಕಗಳಲ್ಲಿ ಒಂದು ಭಾಗವನ್ನು ಸಸ್ಯಗಳು ಹೀರುತ್ತವೆ. ಆಳವಿಲ್ಲದ ನೀರಿನಲ್ಲಿ ಮೀನಿನ ಮರಿಗಳಿಗೆ ಆಶ್ರಯ, ನೀರಹಕ್ಕಿಗಳಿಗೆ ಆಹಾರ. ಮಧ್ಯ ಏಷ್ಯದಿಂದ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುವ ಗದಗ ಜಿಲ್ಲೆಯ ಮಾಗಡಿ ಕೆರೆಯೂ ನೀರಾವರಿಗಾಗಿ ಮನುಷ್ಯರೇ ಕಟ್ಟಿದುದು. 2024ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿತು.

ಬೆಂಗಳೂರಿನಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಹಲವು ಕೆರೆಗಳ ಸುತ್ತಲೂ ಏರಿ ಎದ್ದಿದೆ. ಅದರ ಮೇಲೆ ನಡಿಗೆಯ ಹಾದಿ. ಒತ್ತುವರಿಯನ್ನು ತಡೆಯಲು ಇದು ಉಪಕಾರಿಯೆಂಬ ವಾದವನ್ನು ಅಲ್ಲಗಳೆಯಲಾಗದು. ಆದರೆ ಕಡಿದಾದ ಕಲ್ಲುಕಟ್ಟಡದಲ್ಲಿ ಜೊಂಡು ಬೇರೂರದು, ಹಕ್ಕಿ ನಿಲ್ಲದು. ಕೆರೆಯು ಬಟ್ಟಲಾಗುತ್ತದೆ; ಉಳಿಸಲು ಹೊರಟ ವಸ್ತುವಿನ ಅರ್ಧ ಜೀವವೇ ಹೋಗುತ್ತದೆ.

ಕಾನೂನಿನ ಚರ್ಚೆಯೂ ಬಹುಮಟ್ಟಿಗೆ ಗೆರೆಯ ಚರ್ಚೆಯೇ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರು ನೆಲವನ್ನು ಕಾದಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 2016ರಲ್ಲಿ ವಿಧಿಸಿತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು. ಅಂಕಿ ಯಾವುದೇ ಆಗಲಿ, ಅಳತೆ ಎಲ್ಲಿಂದ ಎಂಬುದು ಮೊದಲ ಪ್ರಶ್ನೆ. ಬೇಸಗೆಯ ನೀರಿನಂಚಿನಿಂದ ಅಳೆದರೆ ಕೆರೆಯಂಗಳವೇ ಕಾಪುನೆಲವೆನಿಸಿಬಿಡುತ್ತದೆ. ಕೋಡಿ ಬೀಳುವ ಮಟ್ಟದಿಂದ ಅಳೆಯುವುದೇ ನ್ಯಾಯ. ಬೇಲಿಯನ್ನು ಅದರ ಹೊರಗೆ ಹಾಕಿ, ಒಳಗಿನ ಇಳಿಜಾರನ್ನು ಸಸ್ಯಗಳಿಗೆ ಬಿಟ್ಟರೆ ಒತ್ತುವರಿಯೂ ತಪ್ಪುತ್ತದೆ, ದಡವೂ ಉಳಿಯುತ್ತದೆ. ಚರಂಡಿಯ ನೀರನ್ನು ಶುದ್ಧಿಗೊಳಿಸದೆ ಒಳಬಿಟ್ಟರೆ ಮಾತ್ರ ಯಾವ ಜೊಂಡೂ ಸಾಲದು.

ಹಿಂದಿನವರು ಮೂರು ಕಡೆ ಕಟ್ಟದೆ ಬಿಟ್ಟುದು ಮಿತವ್ಯಯದಿಂದಲೇ ಇರಬಹುದು. ಹಾಗಿದ್ದರೂ ಆ ಬಿಡುವಿನಲ್ಲಿಯೇ ಕೆರೆಯ ಜೀವ ಬೆಳೆದುಬಂದಿತೆಂಬುದನ್ನು ಜೀರ್ಣೋದ್ಧಾರಕರು ಮರೆಯಬಾರದು.