ಕೊರವೆಗೆ ರಬ್ಬರ್ ಹುಳ, ರೋಹುಗೆ ರಾಗಿ ಹಿಟ್ಟು!

ರಾಮನಗರ: ಹುಳದಿಂದಲೇ ಹೆಸರು ಮಾಡಿದ ರೇಷ್ಮೆ ಸೀಮೆಗೆ ರಬ್ಬರ್ ಹುಳವೂ ಕಾಲಿಟ್ಟಿದೆ. ಚನ್ನಪಟ್ಟಣದ ಬೊಂಬೆ ನಾಚುವಂಥ ಬಣ್ಣ. ಗಾಳದ ಹುಚ್ಚಿನವರು ಪೊಟ್ಟಣ ಹಿಡಿದು ಕಣ್ವಕ್ಕೋ ಮಾಗಡಿಯ ಮಂಚನಬೆಲೆಗೋ ಹೋಗುತ್ತಾರೆ, ಸಂಜೆ ಬರಿಗೈಲಿ ಬರುತ್ತಾರೆ. ಆರಿಸಿದ್ದರಲ್ಲೇ ಎಡವಟ್ಟು.

ಹೆಸರಿಗೆ ರಬ್ಬರ್, ಅಸಲಿಗೆ ಮೆದು ಪ್ಲಾಸ್ಟಿಕ್. 1949ರಲ್ಲಿ ಅಮೆರಿಕದ ನಿಕ್ ಕ್ರೀಮ್ ಎಂಬಾತ ಮಾಡಿದ್ದು. ಅಲ್ಲಿ ಇದಕ್ಕೆ ಬೀಳುವುದು ಬಾಸ್ ಎಂಬ ಬೇಟೆ ಮೀನು. ನಮ್ಮಲ್ಲಿ ಆ ಬುದ್ಧಿ ಇರೋದು ಕೊರವೆ ಮೀನಿಗೆ. ಕೆರೆಗೆ ಬಿಟ್ಟು ಸಾಕುವ ಕಾಟ್ಲಾ, ರೋಹುಗಳಿಗೆ ಇದರ ಗೊಡವೆಯೇ ಇಲ್ಲ. ರೋಹುಗೆ ರಾಗಿ ಹಿಟ್ಟಿನ ಉಂಡೆಯೇ ಸೈ.

ಕೊರವೆಗೇ ಆದರೆ ಮೂರ್ನಾಲ್ಕು ಇಂಚಿನ ಹುಳ ಸಾಕು. ಬಾಲ ತೆಳ್ಳಗಿದ್ದು, ನಿಧಾನ ಎಳೆದರೂ ಅದುರಬೇಕು. ಮಳೆಗೆ ನೀರು ಕೆಂಪಾದಾಗ ಕಪ್ಪು ಹುಳ, ತಿಳಿಯಾದಾಗ ಮಣ್ಣಿನ ಬಣ್ಣದ್ದು. ಕೊರವೆ ಇರೋದು ಜೊಂಡಿನೊಳಗೆ. ಕೊಕ್ಕೆಯ ಮೊನೆಯನ್ನು ಹುಳದ ಮೈಯಲ್ಲಿ ಅಡಗಿಸದಿದ್ದರೆ ಸಿಗುವುದು ಬರೀ ಜೊಂಡೇ.

ಮರಿಗಳ ಗುಂಪು ಕೆಂಪಗೆ ತೇಲುತ್ತಿದ್ದರೆ ಅಲ್ಲಿ ಗಾಳ ಬೇಡ. ಕಾವಲಿರುವ ದೊಡ್ಡ ಕೊರವೆ ಏನು ಎಸೆದರೂ ಹಾರಿ ಕಚ್ಚುತ್ತೆ. ಅದನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಪಾಲು. ಇದನ್ನೇ ಕೆಲವರು ಜಾಣತನ ಅಂತಾರೆ!

ಹರಿದ ಹುಳ ಮನೆಗೆ ತನ್ನಿ. ಎರೆಹುಳದಂತೆ ಅದು ನೀರಲ್ಲಿ ಕೊಳೆಯೋದಿಲ್ಲ. ಗುತ್ತಿಗೆ ಕೊಟ್ಟ ಕೆರೆಯಾದರೆ ಗುತ್ತಿಗೆದಾರನನ್ನು ಕೇಳಿಯೇ ಗಾಳ ಹಾಕಬೇಕು. ಕನಕಪುರದ ಸಂಗಮಕ್ಕಂತೂ ಗಾಳ ಒಯ್ಯಲೇಬೇಡಿ; ಅದು ಕಾವೇರಿ ವನ್ಯಧಾಮ, ಸಿಕ್ಕಿಬಿದ್ದರೆ ಅರಣ್ಯದವರ ಕೇಸು.