ದಂಪತಿಗಳ ದ್ವಿಚಕ್ರ ಯಾತ್ರೆ

ಬಿಸಿಲುನಾಡಿನಲ್ಲಿ ಬೈಸಿಕಲ್ಲನ್ನೇರಿ ದೂರ ಪ್ರಯಾಣ ಮಾಡುವುದು ತರುಣರಿಗೆ ಮಾತ್ರ ಸಲ್ಲತಕ್ಕ ಸಾಹಸವೆಂದು ವಾಚಕರಲ್ಲಿ ಅನೇಕರು ಭಾವಿಸಿರಬಹುದು. ಆದರೆ ಅಮೆರಿಕದ ವೈದ್ಯರಾದ ವಿಲಿಯಂ ಹಂಟರ್ ವರ್ಕ್‌ಮನ್ನರೂ ಅವರ ಪತ್ನಿ ಫ್ಯಾನಿಯವರೂ ಅಲ್ಜೀರಿಯದ ಅಟ್ಲಾಸ್ ಪರ್ವತವನ್ನು ದಾಟಿ ಸಹಾರಾದ ಅಂಚಿನವರೆಗೆ ದ್ವಿಚಕ್ರದ ಮೇಲೆಯೇ ಸಂಚರಿಸಿ, 1895ರಲ್ಲಿ ಆ ವೃತ್ತಾಂತವನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ತರುವಾಯ ನಮ್ಮ ದೇಶಕ್ಕೆ ಬಂದು, ದೇವಾಲಯಗಳನ್ನು ನೋಡುತ್ತ ಸಾವಿರಾರು ಮೈಲಿ ತುಳಿದಾಗ ಆ ವೈದ್ಯರಿಗೆ ಐವತ್ತು ತುಂಬಿತ್ತು.

ಈ ವೃತ್ತಾಂತವನ್ನು ನಮ್ಮ ಮನೆಯವರಿಗೆ ಓದಿ ಹೇಳಿದುದರ ಫಲವಾಗಿ, ಕಳೆದ ವೈಶಾಖದಲ್ಲಿ ಬೀದರಿನಿಂದ ಭಾಲ್ಕಿಗೂ ಅಲ್ಲಿಂದ ಔರಾದಿಗೂ ನಾವಿಬ್ಬರೂ ಹೊರಡಬೇಕಾಯಿತು. ಶಿಶಿರದಲ್ಲಿ ಹೋಗೋಣವೆಂದರೆ ಕೇಳಲಿಲ್ಲ. ಮೊಮ್ಮಕ್ಕಳಿಗೆ ರಜೆಯಿರುವಾಗಲೇ ಮನೆ ಕಾಯಲು ಮಗಳು ಬರುವಳಷ್ಟೆ!

ನೀರಿಲ್ಲದೆ ಪ್ರಾಣಿಗಳು ಸಾಯುವ ಸ್ಥಳವೇ 'ಮರು' ಎಂದು ವೈಯಾಕರಣರು ವ್ಯುತ್ಪತ್ತಿ ಹೇಳುವರು. ಬೀದರ ಸೀಮೆ ಮರುಭೂಮಿಯಲ್ಲ. ಮಳೆಗಾಲದಲ್ಲಿ ತೊಗರಿ, ಉದ್ದುಗಳಿಂದ ಹಸುರಾಗಿರುವ ನೆಲವಿದು. ಆದರೆ ಬೇಸಗೆಯಲ್ಲಿ ಎರೆಭೂಮಿ ಬಿರಿದು ಬಾಯ್ದೆರೆದಾಗ ಆ ವ್ಯುತ್ಪತ್ತಿಗೆ ಬೇರೆ ಉದಾಹರಣೆ ಬೇಡ. ಬಹಮನಿಯ ಅರಸರ ಕಾಲದವರು ಇದನ್ನು ಬಲ್ಲವರಾಗಿಯೇ ನೌಬಾದಿನಲ್ಲಿ ಜಂಬಿಟ್ಟಿಗೆಯ ಕಲ್ಲನ್ನು ಕೊರೆದು, ನೆಲದೊಳಗೇ ನೀರು ಹರಿಯುವಂತೆ ಸುರಂಗವನ್ನು ನಿರ್ಮಿಸಿದರು. ಮೇಲೆ ಹರಿದ ನೀರನ್ನು ಸೂರ್ಯನು ಕುಡಿಯುವನು. ಕೆಳಗೆ ಹರಿದುದು ಜನರಿಗೆ ಉಳಿಯುವುದು.

ಭಾಲ್ಕಿಯ ದಾರಿ ಸುಮಾರು 40 ಕಿಲೋಮೀಟರು. ಅರುಣೋದಯಕ್ಕೆ ಮೊದಲೇ ಹೊರಟುದರಿಂದ ಅದು ಸುಖವಾಗಿ ಕಳೆಯಿತು. ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಮಠವನ್ನು ಕಂಡು, ಅಧ್ಯಾಪಕವೃತ್ತಿಯವರಾದ ನಾವು ಕೈಮುಗಿಯದೆ ಮುಂದುವರಿಯುವುದು ಹೇಗೆ?

ಕಷ್ಟವೆಲ್ಲ ಮರುದಿನದ್ದು. ಮಾಂಜ್ರಾ ನದಿಯನ್ನು ದಾಟಿದ ಬಳಿಕ ಜಾಲಿಯ ಮುಳ್ಳು ಚುಚ್ಚಿ ಎರಡು ಸಲ ಗಾಲಿಯ ಗಾಳಿ ಹೋಯಿತು. ತೇಪೆ ಹಾಕುವಷ್ಟರಲ್ಲಿ ಹೊತ್ತು ಏರಿತು. ಎದುರಿಗೆ ಡಾಮರು ರಸ್ತೆಯ ಮೇಲೆ ನೀರು ಹೊಳೆಯತೊಡಗಿತು. ಕಾದ ನೆಲಕ್ಕೆ ತಾಗಿದ ಗಾಳಿ ತೆಳುವಾಗಿ ಬೆಳಕನ್ನು ಬಾಗಿಸುವುದರಿಂದ ಆಕಾಶವೇ ನೀರಿನಂತೆ ತೋರುವುದು. ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದ ಮೃಗತೃಷ್ಣೆ ಇದೇ ಎಂದು ನಾವು ಉತ್ಸಾಹದಿಂದ ಹೇಳುತ್ತಿದ್ದೆವು; ಹಿಂದಿನಿಂದ ಉತ್ತರ ಬರಲಿಲ್ಲ.

ತಿರುಗಿ ನೋಡಿದರೆ ಮನೆಯವರ ಮುಖ ಕೆಂಪಡರಿತ್ತು, ಬೈಸಿಕಲ್ಲು ಓಲಾಡುತ್ತಿತ್ತು. ಒಣಗಾಳಿಯ ನಾಡಿನಲ್ಲಿ ಬೆವರು ಮೂಡಿದೊಡನೆ ಆರಿಹೋಗುವುದರಿಂದ ದೇಹವು ಎಷ್ಟು ನೀರನ್ನು ಕಳೆದುಕೊಂಡಿತೆಂಬುದೇ ತಿಳಿಯದು. ಕೂಡಲೇ ಬೇವಿನ ಮರದಡಿ ಕುಳ್ಳಿರಿಸಿ, ಸೆರಗನ್ನು ನೀರಿನಲ್ಲಿ ತೋಯಿಸಿ ತಲೆಗೆ ಕತ್ತಿಗೆ ಹೊದಿಸಿ, ಗಾಳಿ ಬೀಸಿದೆವು. ಆ ಕಾಲುಗಂಟೆ ನಮಗೆ ಬಹು ದೀರ್ಘವಾಗಿತ್ತು.

ಹೊಲದ ಗುಡಿಸಿಲಿನಿಂದ ಒಬ್ಬ ವೃದ್ಧೆ ಬಂದು, "ಯಾಕವ್ವಾ, ಇಂಥಾ ಬಿಸಲಾಗ ಸೈಕಲ್ ಮ್ಯಾಲ ಹೊಂಟೀರಿ? ಮನ್ಯಾಗ ಜಗಳಾ ಆಯ್ತೇನು?" ಎಂದಳು. ಮನೆಯವರು ನಕ್ಕರು. ಆ ನಗೆಯನ್ನು ಕಂಡ ಮೇಲೆಯೇ ನಮಗೆ ಉಸಿರು ಬಂದಿತು. ಆಕೆ ತಂದ ಉಪ್ಪು ಬೆರೆಸಿದ ಮಜ್ಜಿಗೆಯನ್ನು ಗುಟುಕುಗುಟುಕಾಗಿ ಕುಡಿಸಿದೆವು. ಬರಿಯ ನೀರಿಗಿಂತ ಇದು ಲೇಸು. ಬೆವರಿನೊಡನೆ ಉಪ್ಪೂ ಹೋಗಿರುವುದಷ್ಟೆ. ಆದರೆ ಬೆವರು ನಿಂತು ಮೈ ಸುಟ್ಟು ಬುದ್ಧಿ ತಪ್ಪಿದವರಿಗೆ ಬಾಯಿಗೆ ಏನನ್ನೂ ಹೊಯ್ಯದೆ, ಮೈಗೆ ನೀರೆರೆಯುತ್ತ ಆಸ್ಪತ್ರೆಗೇ ಒಯ್ಯತಕ್ಕದ್ದು.

ಬಸ್ಸಿನಲ್ಲಿ ಹೋಗೋಣವೆಂದೆವು. "ಬಿಸಿಲು ಇಳಿಯಲಿ, ತಡೆಯಿರಿ. ಇನ್ನು ಮುಂದೆ ನಾನು ಮುಂದಿರುತ್ತೇನೆ, ನೀವು ಹಿಂದೆ ಬನ್ನಿ" ಎಂದರು. ನಿಧಾನವಾಗಿ ತುಳಿಯುವವರು ಮುಂದಿರಬೇಕೆಂಬ ಈ ಕ್ರಮವನ್ನು ಅಂದಿನಿಂದ ಬಿಟ್ಟಿಲ್ಲ. ನಾಲ್ಕು ಗಂಟೆಯವರೆಗೆ ವೃದ್ಧೆಯೊಡನೆ ಮಾತು ಸಾಗಿತು, ನಾವು ಮಲಗಿದೆವು. ದೀಪ ಹಚ್ಚುವ ವೇಳೆಗೆ ಔರಾದನ್ನು ಸೇರಿ ಅಮರೇಶ್ವರನ ದರ್ಶನ ಮಾಡಿದೆವು.

ಹಿಂದಿರುಗುವಾಗ ಸಂತಪುರ, ಕೌಠಾ, ಜನವಾಡಗಳ ಮಾರ್ಗವಾಗಿ ಬಂದೆವು. ಬೀದರಿನ ಪ್ರಸ್ಥಭೂಮಿಯ ಏರಿನಲ್ಲಿ ಇಬ್ಬರೂ ಇಳಿದು ಬೈಸಿಕಲ್ಲುಗಳನ್ನು ತಳ್ಳಿದೆವು. ಮಾಘದಲ್ಲಿ ಬಸವಕಲ್ಯಾಣಕ್ಕೆ ಹೋಗಬೇಕೆಂದು ಮನೆಯವರ ಅಪ್ಪಣೆಯಾಗಿದೆ. ಅದಕ್ಕೆ ಮೊದಲು ಎರಡು ಹೊಸ ಟಯರುಗಳನ್ನು ತರಬೇಕು.